ಕಥೆ ಬಂದಾಗ ಫಾರ್ವರ್ಡ್ ಒತ್ತುತ್ತಿದ್ದಾರಾ? ವಯಸ್ಕರ ಸಿನಿಮಾ ಸರಣಿಯ ಕಥಾದೋಷ ಹುಡುಕುವ ಕೈಪಿಡಿ

ಮೊದಲ ಭಾಗ ಚೆನ್ನಾಗಿ ಓಡಿತು. ಎರಡನೆಯದು ಪರವಾಗಿಲ್ಲ. ಮೂರನೆಯದು ಬರುವಷ್ಟರಲ್ಲಿ ನೋಡುಗರು ರಿಮೋಟ್ ಕೈಯಲ್ಲಿ ಹಿಡಿದೇ ಕೂರುತ್ತಾರೆ. ಆಗ ನಿರ್ಮಾಪಕರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: 'ಇನ್ನೂ ಸ್ವಲ್ಪ ಹಾಟ್ ಮಾಡಿ.' ತೋಟದಲ್ಲಿ ಸ್ಪ್ರಿಂಕ್ಲರ್ ಮೋಟಾರ್ ನಿಂತರೆ ನಾವು ಮೊದಲು ಫ್ಯೂಸ್ ನೋಡುತ್ತೇವೆ, ಹೊಸ ಮೋಟಾರ್ ತರಲು ಓಡುವುದಿಲ್ಲ. ಕಥೆಯ ವಿಷಯದಲ್ಲಿ ಮಾತ್ರ ಯಾಕೋ ಈ ಬುದ್ಧಿ ಯಾರಿಗೂ ಬರುವುದಿಲ್ಲ.

ಇಲ್ಲಿ ಹೇಳುತ್ತಿರುವುದು 'ಎ' ಸರ್ಟಿಫಿಕೇಟ್ ಪಡೆದು, 18 ದಾಟಿದವರಿಗಾಗಿ ಭಾಗದ ಮೇಲೆ ಭಾಗ ಬರುವ ಸಿನಿಮಾಗಳ ಬಗ್ಗೆ. ಕೊಡಗಿಗೆ ಶೂಟಿಂಗ್‌ಗೆ ಬರುವವರು ಎಷ್ಟೋ ಜನ, ಹೋಂಸ್ಟೇ ಹಿಡಿದು ಕೂತು ಸ್ಕ್ರಿಪ್ಟ್ ಬರೆಯುವವರೂ ಇದ್ದಾರೆ. 'ಸ್ಥಳೀಯ ವಿಷಯ ಸರಿ ಇದೆಯಾ ನೋಡಿಕೊಡಿ' ಅಂತ ನಮ್ಮಂಥವರ ಕೈಗೆ ಹಾಳೆ ಕೊಡುತ್ತಾರೆ. ಸ್ಥಳೀಯ ತಪ್ಪಿಗಿಂತ ಕಥೆಯ ತಪ್ಪೇ ಅದರಲ್ಲಿ ಜಾಸ್ತಿ ಇರುತ್ತದೆ.

ಉದಾಹರಣೆಗೆ ಒಂದು ಕಾಲ್ಪನಿಕ ಸರಣಿ ಇಟ್ಟುಕೊಳ್ಳೋಣ. ಕೊಡಗಿನ ಕಕ್ಕಬ್ಬೆ ಕಡೆ ಒಂದು ಕಾಫಿ ತೋಟ, ಅದರಲ್ಲಿ ಹೋಂಸ್ಟೇ. ಒಡತಿಗೆ ನಲವತ್ತು ದಾಟಿದೆ, ಗಂಡ ತೀರಿಕೊಂಡಿದ್ದಾನೆ. ಬೆಂಗಳೂರಿನಿಂದ ಬರುವ ಒಬ್ಬ ಕಾಫಿ ವ್ಯಾಪಾರಿ, ತೋಟದ ರೈಟರ್ (ಲೆಕ್ಕ ಬರೆಯುವವನು), ಗಂಡನ ತಮ್ಮ. ಈಗ ನಾಲ್ಕನೇ ಭಾಗ ಬರೆಯುತ್ತಿದ್ದಾರೆ. ಕೆಳಗಿನ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲಿನವಕ್ಕೆ ಪೆನ್ಸಿಲ್ ಸಾಕು. ಕೊನೆಯವಕ್ಕೆ ದುಡ್ಡು, ಸಮಯ, ಸ್ವಲ್ಪ ಜಗಳ ಎಲ್ಲವೂ ಬೇಕಾಗುತ್ತದೆ.

ಲಕ್ಷಣ: ನೋಡುಗರು ಓಡಿಸಿಕೊಂಡು ನೋಡುತ್ತಾರೆ

ಮೊದಲು ಕೇಳಬೇಕಾದ್ದು, ಎಲ್ಲಿ ಓಡಿಸುತ್ತಾರೆ ಅಂತ. ಪರಿಚಯದ ನಾಲ್ಕು ಜನರಿಗೆ ತೋರಿಸಿ, ರಿಮೋಟ್ ಅವರ ಕೈಗೇ ಕೊಡಿ, ಸುಮ್ನೆ ಪಕ್ಕದಲ್ಲಿ ಕೂತು ಗಮನಿಸಿ. ಖರ್ಚಿಲ್ಲದ ಪರೀಕ್ಷೆ. ಮಾತುಕತೆ ಬಂದಾಗ ಓಡಿಸಿದರೆ ಪಾತ್ರಗಳಿಗೆ ಏನು ಬೇಕು ಅನ್ನುವುದು ಅವರಿಗೆ ಗೊತ್ತಾಗಿಲ್ಲ. ಹಾಸಿಗೆಯ ದೃಶ್ಯ ಬಂದಾಗಲೇ ಓಡಿಸಿದರೆ ಆ ದೃಶ್ಯದಲ್ಲಿ ಕಥೆ ನಿಂತುಹೋಗಿದೆ. ಎರಡೂ ಕಡೆ ಓಡಿಸಿದರೆ ನೇರವಾಗಿ 'ಯಾರೂ ಬೇಡ ಅನ್ನುವುದಿಲ್ಲ' ಅನ್ನುವ ಭಾಗಕ್ಕೆ ಹೋಗಿ.

ಮುಂದಿನದು ತೆಗೆದು ನೋಡುವ ಪರೀಕ್ಷೆ. ಸ್ಕ್ರಿಪ್ಟಿನಿಂದ ಒಂದು ಹಾಸಿಗೆ ದೃಶ್ಯದ ಹಾಳೆ ಎತ್ತಿಡಿ. ಹಿಂದಿನ ಹಾಳೆ, ಮುಂದಿನ ಹಾಳೆ ಓದಿ. ಏನೂ ಕಳೆದುಹೋಗಿಲ್ಲ ಅನಿಸಿದರೆ ಆ ದೃಶ್ಯ ಕಥೆಗೆ ಬೇಕಿರಲಿಲ್ಲ. ಈ ಪರೀಕ್ಷೆ ಹೇಗೂ ಮುಂದೆ ನಡೆದೇ ನಡೆಯುತ್ತದೆ. 'ಎ' ಸಿನಿಮಾವನ್ನು ಟಿವಿಗೆ ಹಾಕಬೇಕಾದರೆ ಬೇರೆಯೇ ಸರ್ಟಿಫಿಕೇಟ್ ಬೇಕು, ಅದಕ್ಕಾಗಿ ಕತ್ತರಿ ಬೀಳುತ್ತದೆ. ಕತ್ತರಿಸಿದ ಮೇಲೂ ಕಥೆ ಒಂಚೂರೂ ತೊದಲದೆ ಓಡಿದರೆ ಖುಷಿಪಡಬೇಡಿ. ಕತ್ತರಿಸಿದ್ದರಲ್ಲಿ ಏನೂ ಇರಲಿಲ್ಲ ಅಂತ ಅರ್ಥ.

ಇದನ್ನು ಹತ್ತಿರದಿಂದ ನೋಡೋಣ. ನಮ್ಮ ಸರಣಿಯಲ್ಲಿ ಜುಲೈ ತಿಂಗಳ ರಾತ್ರಿ, ಮಳೆ ಹೊಡೆಯುತ್ತಿದೆ, ಕರೆಂಟ್ ಹೋಗಿದೆ. ವ್ಯಾಪಾರಿ ಊಟ ಮುಗಿಸಿದ್ದಾನೆ. ಒಡತಿ ಮೇಣದಬತ್ತಿ ತರುತ್ತಾಳೆ. ಕಣ್ಣು ಕಣ್ಣು ಸೇರುತ್ತದೆ. ಹಾಸಿಗೆ. ಬೆಳಿಗ್ಗೆ ಕಾಫಿ, ಮುಗುಳುನಗೆ. ಇಂಥದ್ದನ್ನು ಎಷ್ಟು ಸಲ ನೋಡಿಲ್ಲ ನಾವು? ಈ ಹಾಳೆ ಎತ್ತಿಟ್ಟರೆ ಏನೂ ಆಗುವುದಿಲ್ಲ.

ಅದೇ ರಾತ್ರಿ, ಅದೇ ಮೇಣದಬತ್ತಿ. ಆದರೆ ಊಟದ ಹೊತ್ತಿಗೆ ಅವನು ಗೋಡೌನಿನಲ್ಲಿರುವ ರೋಬಸ್ಟಾ ಚೆರಿಗೆ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು), ಐವತ್ತು ಕಿಲೋ ಮೂಟೆಗೆ, ಒಂದು ರೇಟ್ ಹೇಳಿದ್ದಾನೆ. ಅವಳು ಒಪ್ಪಿದ್ದಾಳೆ. ಕರೆಂಟ್ ಹೋದರೂ ಮೊಬೈಲ್ ಟವರಿನ ಬ್ಯಾಟರಿ ಇನ್ನೂ ಸತ್ತಿಲ್ಲ. ನಡುರಾತ್ರಿ ಅವನ ಫೋನ್ ಬೆಳಗುತ್ತದೆ. ಅವನು ನಿದ್ದೆಯಲ್ಲಿದ್ದಾನೆ. ಅವಳು ಓದುತ್ತಾಳೆ: ಇವತ್ತಿನ ರೇಟ್ ಅವನು ಹೇಳಿದ್ದಕ್ಕಿಂತ ತುಂಬಾ ಮೇಲೆ. ಫೋನನ್ನು ಮಗುಚಿ ಇಟ್ಟು ಅವನ ಪಕ್ಕದಲ್ಲೇ ಮಲಗುತ್ತಾಳೆ. ಬೆಳಿಗ್ಗೆ ಕಾಫಿ ಕೊಡುತ್ತಾ, 'ನಿನ್ನೆ ರೇಟ್ ಆಯ್ತು, ಇವತ್ತಿಂದು ಹೇಳಿ' ಅನ್ನುತ್ತಾಳೆ. ರಾತ್ರಿಯವರೆಗೂ 'ನೀನು' ಅನ್ನುತ್ತಿದ್ದವಳು ಬೆಳಿಗ್ಗೆ 'ನೀವು'ಗೆ ಇಳಿದಿದ್ದಾಳೆ.

ಬಟ್ಟೆ ಎಷ್ಟು ಕಳಚಿತು ಅನ್ನುವುದು ಎರಡರಲ್ಲೂ ಒಂದೇ. ಎರಡನೆಯದನ್ನು ಮಾತ್ರ ಎತ್ತಿಡಲು ಆಗುವುದಿಲ್ಲ.

'ಅಷ್ಟೊಂದು ಹಾಸಿಗೆ ದೃಶ್ಯ ಹಾಕಲೇಬೇಕು ಅಂತಾರೆ, ಕಥೆಗೆ ಜಾಗ ಎಲ್ಲಿ?' ಅಂತ ಬರಹಗಾರರು ಕೇಳುವುದುಂಟು. ಜಪಾನಿನ ನಿಕ್ಕಾಟ್ಸು ಸ್ಟುಡಿಯೋ 1971ರಿಂದ 1988ರವರೆಗೆ 'ರೋಮನ್ ಪೋರ್ನೋ' ಅನ್ನುವ ಹೆಸರಲ್ಲಿ ಸಾಲುಸಾಲಾಗಿ ಸಿನಿಮಾ ತೆಗೆಯಿತು. ಸುಮಾರು 70 ನಿಮಿಷದ ಸಿನಿಮಾ, ಕಡಿಮೆ ದುಡ್ಡು, ಹೆಚ್ಚೂಕಮ್ಮಿ ಹತ್ತು ನಿಮಿಷಕ್ಕೊಂದು ಹಾಸಿಗೆ ದೃಶ್ಯ ಇರಬೇಕು. ಅಷ್ಟು ಪಾಲಿಸಿದರೆ ಉಳಿದದ್ದು ನಿರ್ದೇಶಕರ ಇಷ್ಟ. ತತ್ಸುಮಿ ಕುಮಾಶಿರೋ ಅಂಥವರು ಇದೇ ಚೌಕಟ್ಟಿನಲ್ಲಿ ಕೆಲಸ ಮಾಡಿ ಒಳ್ಳೆಯ ನಿರ್ದೇಶಕರು ಅಂತ ಹೆಸರು ಮಾಡಿದರು. ಹಾಗಾಗಿ ಲೆಕ್ಕದ ಮೇಲೆ ತಪ್ಪು ಹೊರಿಸುವುದು ನನಗಂತೂ ಒಪ್ಪಿಗೆಯಿಲ್ಲ. ದೃಶ್ಯ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರಾದರೂ ಬದಲಾಗಿದ್ದಾರಾ, ಅದು ಮುಖ್ಯ.

ಲಕ್ಷಣ: ಪ್ರತಿ ಭಾಗಕ್ಕೂ ಊರು ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ

ಪರೀಕ್ಷೆ ಸುಲಭ. ಸ್ಕ್ರಿಪ್ಟಿನಲ್ಲಿ ಕೊಡಗು ಅಂತ ಇರುವ ಕಡೆಯೆಲ್ಲ ಊಟಿ ಅಂತ ಓದಿ. ಒಂದು ದೃಶ್ಯವೂ ಕೆಡದಿದ್ದರೆ, ನೀವು ಊರನ್ನು ಪರದೆಯ ಹಾಗೆ ಹಿಂದೆ ಕಟ್ಟಿದ್ದೀರಿ, ಅಷ್ಟೇ.

ಇದು ಹಳೇ ದೋಷ. ಫ್ರಾನ್ಸಿನ 'ಎಮ್ಯಾನ್ಯುಯೆಲ್' ಸರಣಿ 1974ರಲ್ಲಿ ಬ್ಯಾಂಕಾಕಿನಲ್ಲಿ ಶುರುವಾಯಿತು. ಎರಡನೆಯದು ಹಾಂಗ್‌ಕಾಂಗ್, 1977ರ ಮೂರನೆಯದು ಸೇಶೆಲ್ಸ್ ದ್ವೀಪ. ಊರು ಮುಂದೆ ಹೋಯಿತು. ಗಂಡ ಹೆಂಡತಿ, ಬಿಸಿಲು, ಬಿಡುವು, ಇನ್ನೊಬ್ಬರ ಮೇಲೆ ಆಸೆ, ಇವು ಮಾತ್ರ ಸರಣಿಯ ಜೊತೆಗೇ ಪ್ರಯಾಣ ಮಾಡಿದವು. ಮೂರನೆಯದರಲ್ಲಿ ಗಂಡನಿಗೆ ಹೊಟ್ಟೆಕಿಚ್ಚು ಬರುತ್ತದೆ. ಅಲ್ಲಿ ಮಾತ್ರ ಸ್ವಲ್ಪ ಜೀವ ಇದೆ.

ನಮ್ಮಲ್ಲಿಗೆ ಬರುವವರಿಗೆ ಕೊಡಗು ಅಂದರೆ ಮಂಜು, ಮಳೆ, ಮರದ ಮಂಚ. ಇಲ್ಲಿಯದ್ದೇ ಆದ ಒತ್ತಡಗಳು ಕಣ್ಣಿಗೆ ಬೀಳುವುದೇ ಇಲ್ಲ. ಯಾರ ಜೀಪು ಯಾರ ಗೇಟಿನ ಮುಂದೆ ರಾತ್ರಿ ನಿಂತಿತ್ತು ಅನ್ನುವುದು ಮಧ್ಯಾಹ್ನದೊಳಗೆ ಗೋಣಿಕೊಪ್ಪದವರೆಗೂ ತಲುಪಿರುತ್ತದೆ. ಅಂಗಡಿಯವರು ಮಾತಾಡಿಸುವ ಧಾಟಿಯೇ ಬದಲಾಗುತ್ತದೆ. ಮದುವೆ ಮನೆಯಲ್ಲಿ ಹತ್ತಿರದ ನೆಂಟರೇ ಪಕ್ಕದ ಕುರ್ಚಿ ಖಾಲಿ ಬಿಟ್ಟು ಕೂರುತ್ತಾರೆ. ಸಂಜೆ ಹೊರಡಬೇಕಿದ್ದ ಮನುಷ್ಯ ದಾರಿಯಲ್ಲಿ ಆನೆ ನಿಂತಿದೆ ಅಂತ ರಾತ್ರಿ ಉಳಿಯಬೇಕಾಗುತ್ತದೆ. ಇವೆಲ್ಲ ಬಿಟ್ಟಿ ಸಿಗುವ ಕಥೆ. ಡ್ರೋನ್ ಹಾರಿಸಿ ಮಂಜು ಹಿಡಿಯುವುದಕ್ಕಿಂತ ಅಗ್ಗ.

ಇದರ ಜೊತೆಗೇ ತಿಂಗಳ ಲೆಕ್ಕವನ್ನೂ ನೋಡಿಬಿಡಿ. ಕಾಫಿ ಹೂವಿನ ನಡುವೆ ನಾಯಕಿ ನಡೆಯುತ್ತಾಳೆ, ಮರುದಿನ ಅದೇ ಗಿಡದಲ್ಲಿ ಕೆಂಪು ಹಣ್ಣು ಕೊಯ್ಯುತ್ತಾರೆ. ತೋಟ ನೋಡಿದ ಯಾರಾದರೂ ನಕ್ಕುಬಿಡುತ್ತಾರೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೂ ಮಳೆ ಬಿದ್ದು, ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ, ಮೂರು ನಾಲ್ಕು ದಿನ ಇರುತ್ತದೆ. ಹೂವಿನಿಂದ ಹಣ್ಣಿಗೆ ಅರೇಬಿಕಾಗೆ ಎಂಟು ಒಂಬತ್ತು ತಿಂಗಳು, ರೋಬಸ್ಟಾಗೆ ಹತ್ತು ಹನ್ನೊಂದು ತಿಂಗಳು ಬೇಕು. ತಪ್ಪು ತಿದ್ದಲು ಮಾತ್ರ ಇದನ್ನು ಹೇಳುತ್ತಿಲ್ಲ. ಹೂವಿನಲ್ಲಿ ಶುರುವಾದ ಸಂಬಂಧ ಕೊಯ್ಲಿಗೆ ಬಂದಾಗ ಏನಾಗಿದೆ ಅಂತ ಕೇಳಿಕೊಂಡರೆ ಒಂದು ಭಾಗಕ್ಕೆ ಬೇಕಾದ ಕಾಲದ ಹರವು ಸಿಕ್ಕಿತಲ್ವಾ?

ಲಕ್ಷಣ: 'ಇವಳಿಗೆ ತಂಗಿ ಇದ್ದಳಲ್ವಾ? ಎಲ್ಲಿ ಹೋದಳು?'

ಉದ್ದ ಓಡುವ ಸರಣಿಗೆಲ್ಲ ಬರುವ ದೋಷ ಇದು. ವಯಸ್ಕರ ಸರಣಿಯಲ್ಲಿ ಹೆಚ್ಚು, ಯಾಕೆಂದರೆ ಯಾರೂ ಕಥೆ ನೆನಪಿಟ್ಟುಕೊಳ್ಳುವುದಿಲ್ಲ ಅಂತ ಬರೆಯುವವರೇ ನಂಬಿರುತ್ತಾರೆ. ಒಂದು ನೋಟ್‌ಬುಕ್ ಸಾಕು. ಪಾತ್ರಕ್ಕೊಂದು ಪುಟ. ವಯಸ್ಸು, ಸಂಬಂಧ, ಸಾಲ, ಯಾರ ಜೊತೆ ಮಲಗಿದ್ದು ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ. ಈ ಕೊನೆಯ ಸಾಲನ್ನು ಕೆಂಪು ಪೆನ್ನಲ್ಲಿ ಬರೆಯಿರಿ. ಗುಟ್ಟು ಯಾರ ಬಳಿ ಇದೆ ಅನ್ನುವುದು ಕೆಟ್ಟರೆ ಎಲ್ಲ ಕೆಟ್ಟ ಹಾಗೆ. ಎರಡನೇ ಭಾಗದಲ್ಲೇ ಎಲ್ಲ ತಿಳಿದಿದ್ದ ರೈಟರ್ ನಾಲ್ಕನೇ ಭಾಗದಲ್ಲಿ ಬಾಗಿಲು ತೆರೆದು ಬೆಚ್ಚಿಬಿದ್ದರೆ ನೋಡುಗರು ಅಲ್ಲೇ ಕೈಬಿಡುತ್ತಾರೆ.

ಕಲಾವಿದರು ಬದಲಾದರೆ? 'ಎಮ್ಯಾನ್ಯುಯೆಲ್' ಸರಣಿಯ ನಾಲ್ಕನೇ ಭಾಗ, 1984ರಲ್ಲಿ ಬಂದದ್ದು, ಇದಕ್ಕೆ ಕಂಡುಕೊಂಡ ಉಪಾಯ ಪ್ಲಾಸ್ಟಿಕ್ ಸರ್ಜರಿ. ಅಲ್ಲಿಯವರೆಗೆ ನಾಯಕಿಯಾಗಿದ್ದ ಸಿಲ್ವಿಯಾ ಕ್ರಿಸ್ಟೆಲ್ ಪಾತ್ರ ಪ್ರಿಯಕರನಿಂದ ತಪ್ಪಿಸಿಕೊಳ್ಳಲು ಮುಖ ಬದಲಾಯಿಸಿಕೊಳ್ಳುತ್ತದೆ, ಬ್ಯಾಂಡೇಜ್ ಬಿಚ್ಚಿದಾಗ ಅಲ್ಲಿರುವುದು ಬೇರೆ ನಟಿ, ಮಿಯಾ ನೈಗ್ರೆನ್. ನಗು ಬರುತ್ತದೆ, ನಿಜ. ಆದರೆ ಒಳ್ಳೆಯ ಕಥೆಯ ಬೀಜವೂ ಅದರಲ್ಲಿತ್ತು: ಹೊಸ ಮುಖದಲ್ಲಿ ಹಳೇ ಪ್ರಿಯಕರನ ಎದುರು ನಿಂತರೆ ಅವನು ಗುರುತು ಹಿಡಿಯುತ್ತಾನಾ? ಆ ಪ್ರಶ್ನೆಯ ಮೇಲೆ ಇಡೀ ಸಿನಿಮಾ ನಿಲ್ಲಿಸಬಹುದಿತ್ತು. ಸುಮ್ನೆ ನಟಿ ಬದಲಾಯಿಸಿ ಏನೂ ಹೇಳದೆ ಮುಂದೆ ಹೋಗುವುದಾದರೆ ಅದೂ ಸರಿಯೇ, ಜನ ಒಪ್ಪಿಕೊಳ್ಳುತ್ತಾರೆ. ಅರ್ಧಂಬರ್ಧ ಕಾರಣ ಕೊಡಬೇಡಿ.

ಲಕ್ಷಣ: ಯಾರೂ ಬೇಡ ಅನ್ನುವುದಿಲ್ಲ

ಇಲ್ಲಿಯವರೆಗಿನ ಪರೀಕ್ಷೆಗಳಲ್ಲಿ ಏನೂ ಸಿಗದಿದ್ದರೆ ದೋಷ ಇಲ್ಲೇ ಇರಬೇಕು. ಸಿಕ್ಕಿದ್ದರೂ ಇದನ್ನು ಮಾಡಿ.

ಮೂರೂ ಭಾಗ ನೋಡಿ, ಒಂದು ಪಾತ್ರ ಇನ್ನೊಂದಕ್ಕೆ 'ಬೇಡ' ಅಂದ ಜಾಗಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ನೆಪ ಹೇಳುವುದು, ಬಾಗಿಲು ಹಾಕಿಕೊಳ್ಳುವುದು, ಫೋನ್ ಎತ್ತದಿರುವುದು ಎಲ್ಲವೂ ಸೇರಲಿ. ಹಾಳೆ ಖಾಲಿಯಿದ್ದರೆ ರೋಗ ಸಿಕ್ಕಿತು. ಎಲ್ಲರೂ ಎಲ್ಲದಕ್ಕೂ ಹೂಂ ಅನ್ನುವ ಲೋಕದಲ್ಲಿ ಹೂಂ ಅನ್ನುವುದಕ್ಕೆ ಬೆಲೆ ಇರುವುದಿಲ್ಲ. ನೋಡುಗರಿಗೆ ಕಾಯಲು ಏನೂ ಇಲ್ಲ. ಕಾಯುವುದಿಲ್ಲದ ಮೇಲೆ ಫಾರ್ವರ್ಡ್ ಒತ್ತದೆ ಇನ್ನೇನು ಮಾಡುತ್ತಾರೆ?

ಇಲ್ಲೊಂದು ಎಚ್ಚರಿಕೆ. ಬೇಡ ಅಂದವಳನ್ನು ಬಲವಂತವಾಗಿ ಒಪ್ಪಿಸಿ, ಆಮೇಲೆ ಅವಳಿಗೂ ಅದು ಇಷ್ಟವಿತ್ತು ಅಂತ ತೋರಿಸುವುದು ಈ ದೋಷಕ್ಕೆ ರಿಪೇರಿ ಅಲ್ಲ. ಅದು ಕೀಳು ಬರವಣಿಗೆ. ಕಥೆಯಾಗಿಯೂ ಸೋಲುತ್ತದೆ, ಯಾಕೆಂದರೆ 'ಬೇಡ' ಅಂದದ್ದಕ್ಕೆ ಏನೂ ಅರ್ಥವಿರಲಿಲ್ಲ ಅಂತ ನೀವೇ ಹೇಳಿದ ಹಾಗಾಯಿತು. ಬೇಡ ಅಂದರೆ ಬೇಡ. ಆ ಮಾತು ಮುಂದಿನ ದೃಶ್ಯಗಳನ್ನು ಬದಲಾಯಿಸಬೇಕು.

ಎರಡನೇ ಹಂತ, ಪ್ರತಿ ಭಾಗದಲ್ಲೂ ಪ್ರತಿ ಮುಖ್ಯ ಪಾತ್ರಕ್ಕೆ ದೇಹ ಬಿಟ್ಟು ಇನ್ನೇನು ಬೇಕು ಅಂತ ಒಂದು ಸಾಲು ಬರೆಯಿರಿ. ನಮ್ಮ ಒಡತಿಗೆ ಮೊದಲ ಭಾಗದಲ್ಲಿ ತೋಟ ಮೈದುನನ ಪಾಲಾಗದೆ ಉಳಿಯಬೇಕು. ಎರಡನೆಯದರಲ್ಲಿ ಬ್ಯಾಂಕ್ ಸಾಲ ತೀರಬೇಕು. ಮೂರನೆಯದರಲ್ಲಿ? ಬರಹಗಾರರು ಇಲ್ಲಿ ತಡಕಾಡಿ 'ಪ್ರೀತಿ ಬೇಕು' ಅನ್ನುತ್ತಾರೆ. ಯಾರ ಪ್ರೀತಿ, ಯಾಕೆ ಈಗ? ಉತ್ತರ ಬರುವುದಿಲ್ಲ. ತೋಟ ಉಳಿದ ದಿನವೇ ಅವಳ ಕಥೆ ಮುಗಿದಿತ್ತು. ಆಮೇಲೆ ಓಡಿದ್ದು ಸರಣಿ ಮಾತ್ರ.

ರಿಪೇರಿ ಇದೆ, ಆದರೆ ಹಿಂದಿನ ಭಾಗಕ್ಕೆ ಹೋಗಬೇಕು. ತೋಟ ಉಳಿಸಿಕೊಳ್ಳಲು ಅವಳು ಏನು ಮಾಡಿದಳು, ಅದರ ಬಾಕಿ ಯಾರಿಗೆ ಉಳಿದಿದೆ ಅಂತ ಹುಡುಕಿ. ರೈಟರ್ ಅವಳಿಗಾಗಿ ಲೆಕ್ಕದ ಪುಸ್ತಕ ತಿದ್ದಿದ್ದ. ಅವನು ಏನೂ ಕೇಳಿರಲಿಲ್ಲ. ಈಗ ಅವನ ಮಗಳ ಕಾಲೇಜಿಗೆ ದುಡ್ಡು ಬೇಕು, ಕೇಳಲು ಬರುತ್ತಾನೆ, 'ಅಮ್ಮಾ' ಅಂತ ಮೊದಲಿನ ಹಾಗೇ ಬಾಗಿಲಲ್ಲೇ ನಿಂತು ಮಾತಾಡುತ್ತಾನೆ. ವ್ಯಾಪಾರಿ ಒಳಗೆ ಕೂತಿದ್ದಾನೆ. ಅವಳು ರೈಟರನ್ನು ಒಳಗೆ ಕರೆದರೆ ಒಂದು ಕಥೆ, ಬಾಗಿಲಲ್ಲೇ ನಿಲ್ಲಿಸಿ ದುಡ್ಡು ಕೊಟ್ಟರೆ ಇನ್ನೊಂದು. ಇಲ್ಲಿ ಯಾರೂ ಬಟ್ಟೆ ಕಳಚಿಲ್ಲ. ಆದರೆ ಇದಾದ ಮೇಲೆ ಬರುವ ಹಾಸಿಗೆ ದೃಶ್ಯವನ್ನು ಯಾರೂ ಓಡಿಸುವುದಿಲ್ಲ.

ಲಕ್ಷಣ: ನಾಲ್ಕನೇ ಭಾಗದಲ್ಲಿ ಇದ್ದಕ್ಕಿದ್ದಂತೆ ಕೊಲೆ

ಆಸೆ ಬತ್ತಿದ ಸರಣಿಗೆ ಬ್ಲಾಕ್‌ಮೇಲ್, ಅಪಹರಣ, ಹೆಣ ಬರುತ್ತವೆ. ಬೇಡ ಅಂತಿಲ್ಲ. ಕೇಡು ಹೊರಗಿನಿಂದ ಬಂತಾ, ಪಾತ್ರಗಳ ಹಳೇ ಕೆಲಸದಿಂದ ಹುಟ್ಟಿತಾ ಅಂತ ನೋಡಿ. ಹೊಸ ಖಳನನ್ನು ತಂದು ನಿಲ್ಲಿಸಬೇಕಾದರೆ ಹಿಂದಿನ ಮೂರು ಭಾಗಗಳಲ್ಲಿ ಯಾರೂ ಯಾರಿಗೂ ನೋವು ಮಾಡಿರಲಿಲ್ಲ ಅಂತಾಯಿತು. ಅಂದರೆ ದೋಷ ಹಿಂದಿನ ವಿಭಾಗದ್ದೇ.

ಇನ್ನೊಂದು ಸಣ್ಣ ಮಾತು. ಗೋಡೆಯ ಮೇಲೆ ಕೋವಿ ತೋರಿಸಿ ಭಯ ಹುಟ್ಟಿಸುವ ಶಾಟ್ ಇಲ್ಲಿ ನಡೆಯುವುದಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ತಲೆಮಾರಿನಿಂದ ಬಂದ ಜಮೀನಿನವರಿಗೆ) ಕೋವಿ ಲೈಸೆನ್ಸ್ ವಿನಾಯಿತಿ ಇದೆ, ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಕೋವಿಗೆ ಪೂಜೆ ಮಾಡುತ್ತಾರೆ. ಇಲ್ಲಿ ಗೋಡೆಯ ಮೇಲೆ ಕೋವಿ ಇಲ್ಲದಿದ್ದರೆ ಜನ ಗಮನಿಸುತ್ತಾರೆ.

ಲಕ್ಷಣ: ಎಲ್ಲರೂ ಒಂದೇ ಥರ ಮಾತಾಡುತ್ತಾರೆ

ಪಾತ್ರಗಳ ಹೆಸರು ಮುಚ್ಚಿ ಡೈಲಾಗ್ ಓದಿ. ಯಾರು ಯಾರು ಅಂತ ಗೊತ್ತಾಗದಿದ್ದರೆ ತಿದ್ದಿ. ಕೊಡಗಿನ ಒಂದು ತೋಟದಲ್ಲೇ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಭಾಷೆ ಕೇಳಿಸುತ್ತವೆ. ಅಸ್ಸಾಂ ಕಡೆಯಿಂದ ಬಂದ ಕೆಲಸದವರ ಜೊತೆ ಹಿಂದಿಯೂ ನಡೆಯುತ್ತದೆ. ಎಲ್ಲವನ್ನೂ ತುರುಕಬೇಡಿ. ಯಾರು ಯಾರ ಎದುರು ಯಾವ ಭಾಷೆಗೆ ಹೊರಳುತ್ತಾರೆ ಅಷ್ಟು ತಿಳಿದರೆ ಸಾಕು. ಬರೆಯಲು ಬರದಿದ್ದರೆ ಆ ಭಾಷೆ ಆಡುವವರಿಗೆ ದುಡ್ಡು ಕೊಟ್ಟು ಬರೆಸಿ.

ಎಚ್ಚರಿಕೆ: ಕಥೆಯ ದೋಷವನ್ನು ಕಲಾವಿದರ ಮೈಮೇಲೆ ತೀರಿಸಬೇಡಿ

ಸ್ಕ್ರಿಪ್ಟ್ ಸೊರಗಿದಾಗ ಸೆಟ್‌ನಲ್ಲಿ ನಿಂತ ಜಾಗದಲ್ಲೇ 'ಇನ್ನೊಂಚೂರು ಮುಂದೆ ಹೋಗೋಣ' ಅನ್ನುವುದು ಶುರುವಾಗುತ್ತದೆ. ಅಪಾಯ ಇರುವುದು ಇಲ್ಲೇ. ಒಪ್ಪಂದದಲ್ಲಿ ಬರೆದದ್ದಕ್ಕಿಂತ ಒಂದಿಂಚೂ ಜಾಸ್ತಿ ಕೇಳಬೇಡಿ. ಯಾವ ದೃಶ್ಯದಲ್ಲಿ ಏನು, ಎಷ್ಟು ಅನ್ನುವುದು ಮೊದಲೇ ಬರವಣಿಗೆಯಲ್ಲಿರಲಿ, ಕಲಾವಿದರು ಯಾವ ಹೊತ್ತಿನಲ್ಲಾದರೂ ನಿಲ್ಲಿಸಿ ಅನ್ನಬಹುದು ಅನ್ನುವುದೂ ಇರಲಿ. ಇಂಥ ದೃಶ್ಯಗಳಿಗೆಂದೇ ಇರುವ ಇಂಟಿಮಸಿ ಕೋಆರ್ಡಿನೇಟರ್ ಈಗ ನಮ್ಮ ದೇಶದಲ್ಲೂ ಸಿಗುತ್ತಾರೆ. ವಯಸ್ಸಿನ ದಾಖಲೆ ನೋಡದೆ ಯಾರನ್ನೂ ಸೆಟ್‌ಗೆ ಬಿಡಬೇಡಿ. ಕ್ಯಾಮೆರಾ ಪಕ್ಕ ಬೇಕಾದವರಷ್ಟೇ ಇರಲಿ, ಅವರ ಮೊಬೈಲ್ ಹೊರಗಿರಲಿ.

ಕಾನೂನಿನ ಗೆರೆ ಗೊತ್ತಿರಲಿ. ಚಿತ್ರಮಂದಿರಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ, ಒಟಿಟಿಗೆ 2021ರ ಐಟಿ ನಿಯಮಗಳ ವರ್ಗೀಕರಣ. ಲೈಂಗಿಕ ಕ್ರಿಯೆಯನ್ನು ಮುಚ್ಚುಮರೆಯಿಲ್ಲದೆ ತೋರಿಸುವ ವಿಡಿಯೋ ಇಂಟರ್ನೆಟ್‌ಗೆ ಹಾಕುವುದು ಐಟಿ ಕಾಯ್ದೆಯ 67ಎ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಕಟ್ ಆದ ತುಣುಕು ವಾಟ್ಸಾಪ್‌ನಲ್ಲಿ ಓಡಾಡಿದರೆ 'ಟೀಮಿನವರು ಯಾರೋ ಕಳಿಸಿದ್ದು' ಅನ್ನುವ ಸಬೂಬು ಯಾರನ್ನೂ ಉಳಿಸುವುದಿಲ್ಲ.

ಊರಿನ ಲೆಕ್ಕದಲ್ಲಿ ಎರಡು ಮಾತು. ಹೋಂಸ್ಟೇ ಯಜಮಾನರಿಗೆ ಏನು ಶೂಟ್ ಮಾಡುತ್ತೀರಿ ಅಂತ ಮೊದಲೇ ಹೇಳಿ, 'ಫ್ಯಾಮಿಲಿ ಸಬ್ಜೆಕ್ಟ್' ಅಂತ ಸುಳ್ಳು ಬೇಡ. ಕೊಡವ ಶೈಲಿಯ ಸೀರೆ, ಕುಪ್ಪಸ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಹಾಸಿಗೆ ದೃಶ್ಯದ ಅಲಂಕಾರಕ್ಕೆ ಬಳಸಬೇಡಿ, ದೇವರಕಾಡಿನ ಹತ್ತಿರ ಕ್ಯಾಮೆರಾ ಇಡಬೇಡಿ. ಹೆದರಿಕೆಯಿಂದ ಹೇಳುತ್ತಿಲ್ಲ. ಅವುಗಳಿಂದ ಕಥೆಗೆ ಒಂದು ಕೂದಲಷ್ಟೂ ಉಪಕಾರವಿಲ್ಲ.

ಯಾವಾಗ ಕೈಬಿಡಬೇಕು, ಯಾರನ್ನು ಕರೆಯಬೇಕು

ಕಲಾವಿದರು ಮುಜುಗರಪಟ್ಟರೆ ಆ ದಿನದ ಶೂಟಿಂಗ್ ಅಲ್ಲೇ ನಿಲ್ಲಿಸಿ. ಮಿಕ್ಕದ್ದಕ್ಕೆ ಅವಸರವಿಲ್ಲ.

'ಏನು ಬೇಕು' ಅನ್ನುವ ಸಾಲು ಎಷ್ಟು ತಿದ್ದಿದರೂ ತುಂಬದಿದ್ದರೆ ಹಿಂದಿನ ಭಾಗ ಒಂದನ್ನೂ ನೋಡದ ಒಬ್ಬ ಓದುಗರಿಗೆ ಸ್ಕ್ರಿಪ್ಟ್ ಕೊಡಿ. ಅವರು ಕೇಳುವ ಮೊದಲ ಮೂರು ಪ್ರಶ್ನೆ ಬರೆದುಕೊಳ್ಳಿ. ತಂಡದಲ್ಲಿ ಬರೆಯುವವರೆಲ್ಲ ಗಂಡಸರೇ ಆಗಿದ್ದರೆ ಒಬ್ಬ ಹೆಣ್ಣುಮಗಳನ್ನು ಬರೆಯಲು ಕರೆಯಿರಿ, 'ಅಭಿಪ್ರಾಯ ಹೇಳಿ' ಅಂತಲ್ಲ, ಸಂಬಳ ಕೊಟ್ಟು. ಪಾತ್ರ ಮಾಡಿದ ನಟಿಯನ್ನೂ ಕೇಳಿ. ಮೂರು ಭಾಗ ಆ ಹೆಂಗಸಾಗಿ ನಿಂತವರಿಗೆ ಅವಳು ಏನು ಬಚ್ಚಿಟ್ಟಿದ್ದಾಳೆ ಅನ್ನುವುದು ಬರಹಗಾರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟಾದರೂ ಸಾಲು ಖಾಲಿಯೇ ಇದ್ದರೆ ನಾಲ್ಕನೇ ಭಾಗವನ್ನೇ ಕೊನೆಯದು ಮಾಡಿ. ಕೆಂಪು ಪೆನ್ನಲ್ಲಿ ಬರೆದ ಗುಟ್ಟುಗಳಲ್ಲಿ ದೊಡ್ಡದು ಯಾವುದು ನೋಡಿ, ಅದು ತಿಳಿಯಬಾರದ ಮನುಷ್ಯನಿಗೆ ತಿಳಿಯಲಿ, ಅಲ್ಲಿಗೆ ಮುಗಿಸಿ. ಈ ಮಾತನ್ನು ನಿರ್ಮಾಪಕರ ಜೊತೆ ಐದನೇ ಭಾಗದ ಪೋಸ್ಟರ್ ಪ್ರಿಂಟಿಗೆ ಹೋಗುವ ಮೊದಲೇ ಆಡಿಬಿಡಿ. ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.